ರೇವಣಪ್ಪ ಅಂದರೆ ಸಾಕು

ಮೇಲಿನ ತಲೆಬರಹ ಇಟ್ಟವಳು ನನ್ನ ಮೊಮ್ಮಗಳು. ನಾನಾಗಿದ್ದರೆ ಇಡುತ್ತಿರಲಿಲ್ಲ, ಏಕೆಂದರೆ ಅದರಲ್ಲಿರುವುದು ನನ್ನ ಯಜಮಾನರ ಹೆಸರು. ಬರೆಯುವುದಕ್ಕೆ ಅಡ್ಡಿಯಿಲ್ಲ ಅನ್ನಿ. ಕಟ್ಟಳೆ ಇರುವುದು ನಾಲಿಗೆಗೆ, ಲೇಖನಿಗೆ ಯಾರೂ ಮದುವೆ ಮಾಡಿಲ್ಲ. ಆದರೂ ಆ ನಾಲ್ಕು ಅಕ್ಷರ ಕಾಗದದ ಮೇಲೆ ಕೂತು ನನ್ನನ್ನೇ ನೋಡುವಾಗ ಸೆರಗು ಸರಿಮಾಡಿಕೊಳ್ಳುವ ಹಾಗಾಗುತ್ತದೆ.

ಮೊನ್ನೆ ಬೀಗರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಬಡಿಸುವವನು ಹುಗ್ಗಿಯ ಬಕೆಟ್ಟು ಹಿಡಿದು ನಮ್ಮ ಸಾಲಿಗೆ ಬಂದ. ನನ್ನ ಹಿರಿಯ ಮಗನ ಎಲೆಗೆ ಒಂದು ಸೌಟು ಹಾಕಿದ, ಇನ್ನೊಂದು ಹಾಕಿದ. ಮಗ "ರೇವಣಪ್ಪ" ಎಂದ. ಬಡಿಸುವವನು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. "ನನ್ನ ಹೆಸರ ಶಿವರಾಜ ಅದರಿ" ಎಂದು ವಿನಯದಿಂದ ಹೇಳಿ ಮತ್ತೊಂದು ಸೌಟು ಹಾಕಿದ. ಮಗ ಇನ್ನೂ ಜೋರಾಗಿ "ರೇವಣಪ್ಪ, ರೇವಣಪ್ಪ!" ಎಂದು ಕೂಗಿಕೊಂಡ. ಪಕ್ಕದಲ್ಲಿದ್ದ ಮೊಮ್ಮಗಳೂ ಮುಂಚಿತವಾಗಿಯೇ "ರೇವಣಪ್ಪ" ಎಂದಳು. ನನ್ನ ಸರದಿ ಬಂದಾಗ ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಹುಗ್ಗಿ ಕೈಮೇಲೆ ಬಿತ್ತು. ಬಿಸಿಯಾಗಿತ್ತು. ಬೀಗಿತ್ತಿ ಅದನ್ನು ನನ್ನ ಸಂಕೋಚದ ಸ್ವಭಾವ ಎಂದು ತಿಳಿದು ಎಲ್ಲರೆದುರು ಹೊಗಳಿದಳು. ನಾನು ಬೇಡವೆನ್ನಲಿಲ್ಲ.

ನಮ್ಮ ಮನೆಯಲ್ಲಿ "ಸಾಕು, ನಿಲ್ಲಿಸು" ಎನ್ನುವುದಕ್ಕೆ ಆ ಹೆಸರನ್ನೇ ಹೇಳುವುದು ರೂಢಿ. ಸಾರು ಸುರಿಯುವಾಗ, ಮಕ್ಕಳು ಜಗಳಾಡುವಾಗ, ಗಾಡಿ ಹಿಂದಕ್ಕೆ ತೆಗೆಯುವಾಗ ಎಲ್ಲದಕ್ಕೂ ಅದೇ. ಹುಟ್ಟಿನಿಂದ ಕೇಳಿದವರಿಗೆ ಅದು ವಿಚಿತ್ರ ಅನ್ನಿಸುವುದಿಲ್ಲ. ಹೊಸದಾಗಿ ಬಂದ ಸೊಸೆಯಂದಿರು ಮೊದಮೊದಲು ಮಾವನವರ ಹೆಸರು ಹೀಗೆ ಸಾರಿನಲ್ಲಿ ಬೀಳುವುದನ್ನು ಕಂಡು ಗಾಬರಿಯಾಗುತ್ತಾರೆ, ಆಮೇಲೆ ಅವರೂ ಕಲಿಯುತ್ತಾರೆ. ಕಲಿಯದವಳು ನಾನೊಬ್ಬಳೇ. ಇದೆಲ್ಲ ಬಂದದ್ದು ಟಯರು ಬಿಚ್ಚುವ ಒಂದು ಮಷೀನಿನಿಂದ.

ಆಗ ನಿಜಾಮರ ಆಳ್ವಿಕೆ. ನನ್ನ ತವರು ನಾರಾಯಣಖೇಡ. ಅಪ್ಪನದು ತೊಗರಿ, ಕಡಲೆಯ ವ್ಯಾಪಾರ. ಶಾಲೆಯಲ್ಲಿ ಉರ್ದು, ಮಠದಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಹೀಗೆ ಒಂದೇ ದಿನದಲ್ಲಿ ಮೂರು ಕಡೆ ತಪ್ಪು ಮಾಡುವ ಅನುಕೂಲ ನಮಗಿತ್ತು. ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ತೊಗರಿ ಚೀಲಗಳ ಮೇಲೆ ಕೂತು ನಾವು ಹುಡುಗಿಯರು ಒಡಪು ಕಟ್ಟುತ್ತಿದ್ದೆವು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಿಂದ ಆಡುವ ಹಾಗಿಲ್ಲ. ಮದುವೆಯಲ್ಲಿ ಹೊಸ್ತಿಲು ತಡೆದು ಹೆಸರು ಹೇಳು ಎಂದು ಪೀಡಿಸಿದಾಗ ಮಾತ್ರ, ಪ್ರಾಸ ಕೂಡಿಸಿ ಕಟ್ಟಿದ ಒಡಪಿನ ನಡುವೆ ಅದನ್ನು ಸೇರಿಸಿ ಹೇಳಬಹುದು. ನನ್ನದು ಹೀಗಿತ್ತು: "ತಾಂಡೂರ ಕಲ್ಲಿನ ಕಟ್ಟಿ, ಕಟ್ಟಿ ಮ್ಯಾಲ ಮಲ್ಲಿಗಿ ಬುಟ್ಟಿ, ಇಂಥವರ ಕೈ ಹಿಡದು ಬಂದೀನಿ ಹೊಸ್ತಿಲ ಮೆಟ್ಟಿ." ಗಂಡ ಯಾರೆಂದು ಇನ್ನೂ ಗೊತ್ತಿಲ್ಲವಾದ್ದರಿಂದ ಹೆಸರಿನ ಜಾಗ ಖಾಲಿ. ಅಭ್ಯಾಸಕ್ಕೆ ನಾನು ಅಲ್ಲಿ ನಮ್ಮ ಎಮ್ಮೆಯ ಹೆಸರು ಹಾಕಿಕೊಂಡು ಹೇಳುತ್ತಿದ್ದೆ. ಒಂದು ದಿನ ಅಪ್ಪ ಕೇಳಿಸಿಕೊಂಡು, "ಎಮ್ಮಿಗಿ ಕೈ ಎಲ್ಲಿರ್ತಾವ?" ಎಂದು ಕೇಳಿ ತಕ್ಕಡಿಯ ಕಡೆಗೆ ಹೋದ. ಅಪ್ಪನಿಗೆ ಹಾಸ್ಯ ಗೊತ್ತಿರಲಿಲ್ಲ, ನಿಜವಾಗಿಯೇ ಸಂಶಯ ಬಂದು ಕೇಳಿದ್ದ.

ಮದುವೆಯಾಗಿ ಜಹೀರಾಬಾದಿಗೆ ಬಂದೆ. ಸೊಲ್ಲಾಪುರದ ರಸ್ತೆಗೆ ಮುಖ ಮಾಡಿ ನಮ್ಮವರ ವರ್ಕ್‌ಶಾಪು, ಅದರ ಬೆನ್ನಿಗೆ ಮನೆ, ಎರಡರ ನಡುವೆ ಎದೆಯುದ್ದದ ಒಂದು ಗೋಡೆ. ಹೊಸ್ತಿಲಲ್ಲಿ ಎಮ್ಮೆಯ ಜಾಗಕ್ಕೆ ನಮ್ಮವರ ಹೆಸರು ಹಾಕಿ ಒಡಪು ಹೇಳಿದೆ. ಅದೇ ಮೊದಲು, ಅದೇ ಕೊನೆ ಎಂದು ತಿಳಿದಿದ್ದೆ. ನನ್ನ ನಾಲಿಗೆಗೆ ಆ ಹೆಸರಿನ ದಾರಿ ಗೊತ್ತಿದ್ದುದು ತಾಂಡೂರ ಕಲ್ಲಿನ ಕಟ್ಟೆಯ ಮೇಲಿಂದ ಮಾತ್ರ.

ಯುದ್ಧ ಮುಗಿದ ಮೇಲೆ ಫೌಜಿನವರು ಬೇಡವೆಂದ ಸಾಮಾನುಗಳನ್ನು ಮಾರಿದರು. ನಮ್ಮವರು ಸಿಕಂದರಾಬಾದಿಗೆ ಹೋಗಿ ಅಲ್ಲಿಂದ ಒಂದು ಟಯರು ಮಷೀನು ತಂದರು. ಕಬ್ಬಿಣದ ಚೌಕಟ್ಟು, ನಡುವೆ ತೊಡೆಗಾತ್ರದ ತಿರುಪು, ತಿರುಪಿನ ತಲೆಗೆ ಅಡ್ಡ ಹಾರೆ, ಬುಡಕ್ಕೆ ಒಂದು ಬಾಗಿದ ಪಟ್ಟಿ. ಗಾಲಿಯನ್ನು ಕೆಳಗೆ ಮಲಗಿಸಿ, ಹಾರೆ ನೂಕುತ್ತ ಗಾಣದ ಹಾಗೆ ಸುತ್ತಿದರೆ ಪಟ್ಟಿ ಇಳಿದು, ರಿಮ್ಮಿಗೆ ಕಚ್ಚಿಕೊಂಡ ಟಯರನ್ನು ಒತ್ತಿ ಬಿಡಿಸುತ್ತಿತ್ತು. ಅದಕ್ಕೆ ಮೊದಲು ಇದೇ ಕೆಲಸ ಸುತ್ತಿಗೆ, ಸಲಾಕೆ ಮತ್ತು ಬೈಗುಳಗಳಿಂದ ಆಗುತ್ತಿತ್ತು. ಮಷೀನು ಬಂದ ಮೇಲೆ ಸುತ್ತಿಗೆ, ಸಲಾಕೆ ಕಡಿಮೆಯಾದವು.

ಅದನ್ನು ನಡೆಸಲು ಇಬ್ಬರು ಬೇಕು. ಹಾರೆ ನೂಕುವವರು ಖಾದರ್ ಉಸ್ತಾದರು, ಜಹೀರಾಬಾದಿನವರೇ, ಮನೆಮಾತು ದಖನಿ. ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಪಟ್ಟಿಯನ್ನು ಅಂಚಿಗೆ ಹೊಂದಿಸುವವನು ಮೊಗುಲಯ್ಯ, ತಾಂಡೂರಿನ ಹತ್ತಿರ ಪೆದ್ದೆಮುಲ್ ಕಡೆಯವನು, ಮನೆಮಾತು ತೆಲುಗು. ನೂಕುವವರು ತಲೆ ಬಗ್ಗಿಸಿ ನೂಕುತ್ತಾರೆ, ಅವರಿಗೆ ಕಾಣುವುದು ತಮ್ಮ ಕಾಲು ಮಾತ್ರ. ಕೂತವನ ಬೆರಳುಗಳು ಪಟ್ಟಿ ಮತ್ತು ರಿಮ್ಮಿನ ನಡುವೆ ಆಡುತ್ತಿರುತ್ತವೆ. ಹಾಗಾಗಿ ಕೂತವನು ಒಂದು ಮಾತು ಕೂಗಿದರೆ ನೂಕುವವರು ಆ ಕ್ಷಣ ನಿಲ್ಲಬೇಕು. ಇಡೀ ಮಷೀನಿನ ಕ್ಷೇಮ ಆ ಒಂದು ಮಾತಿನ ಮೇಲೆ ನಿಂತಿತ್ತು.

ಉಸ್ತಾದರು ಎಚ್ಚರಿಕೆಯ ಮನುಷ್ಯ. ಗಾಳಿ ಪೂರ್ತಿ ತೆಗೆಯದೆ ಗಾಲಿ ಮಲಗಿಸಬಾರದು, ತುಂಬುತೋಳಿನ ಅಂಗಿ ತೊಟ್ಟು ಮಷೀನಿನ ಹತ್ತಿರ ಬರಬಾರದು, ಮರಳಿ ಗಾಳಿ ತುಂಬುವಾಗ ಗಾಲಿಗೆ ಸರಪಳಿ ಸುತ್ತಿ ಕಬ್ಬಿಣದ ರಿಂಗನ್ನು ಗೋಡೆಯ ಕಡೆ ತಿರುಗಿಸಬೇಕು. "ರಿಂಗ್ ಹಾರತು ಅಂದ್ರ ಸಲಾಂ ಮಾಡಾಕ ಕೈ ಇರ್ತಾವ, ತಲಿ ಇರಂಗಿಲ್ಲ" ಎಂದು ಬಂದ ಡ್ರೈವರುಗಳಿಗೆಲ್ಲ ಹೇಳುತ್ತಿದ್ದರು. ಇಷ್ಟೆಲ್ಲ ಯೋಚಿಸಿದವರು ಆ ಒಂದು ಮಾತು ಯಾವುದೆಂದು ಯೋಚಿಸಿರಲಿಲ್ಲ. ನಿಲ್ಲು ಎನ್ನುವುದಕ್ಕೆ ಮಾತಿಗೇನು ಬರ ಎಂದುಕೊಂಡಿದ್ದರು.

ಮೊದಲ ದಿನವೇ ಮೊಗುಲಯ್ಯ "ಚಾಲು!" ಎಂದು ಕೂಗಿದ. ತೆಲುಗಿನಲ್ಲಿ ಹಾಗೆಂದರೆ ಸಾಕು. ಉಸ್ತಾದರ ಮಾತಿನಲ್ಲಿ ಚಾಲೂ ಎಂದರೆ ನಡೆಸು. ಉಸ್ತಾದರು ನಡೆಸಿದರು. ಮೊಗುಲಯ್ಯ ಪ್ರಾಣಭಯದಿಂದ "ಚಾಲು ಚಾಲು!" ಎಂದ. ಇಷ್ಟು ಹುರುಪಿನ ಕೆಲಸಗಾರ ಸಿಕ್ಕನಲ್ಲ ಎಂದು ಉಸ್ತಾದರು ಎದೆಕೊಟ್ಟು ನೂಕಿದರು. ಮೊಗುಲಯ್ಯ ಕೈ ಕಿತ್ತುಕೊಂಡು ಹಿಂದಕ್ಕೆ ಬಿದ್ದ. ರಿಮ್ಮು ಹಪ್ಪಳದ ಹಾಗೆ ಮಡಚಿಕೊಂಡಿತು.

"ಚಾಲು ಅಂತ ಹೇಳ್ತಾನೇ ಇದ್ದೀನಿ ಕದಾ!" ಎಂದ ಮೊಗುಲಯ್ಯ.

"ಅರೇ ಭಾಯಿ, ನೀ ಹೇಳಿದಂಗೇ ಚಾಲೂ ಇಟ್ಟೀನಲ್ಲ! ಇನ್ನೇನು ಗಾಳ್ಯಾಗ ಹಾರಿಸ್ಲಿ?" ಎಂದರು ಉಸ್ತಾದರು.

ಇದರಲ್ಲಿ ಯಾರಿಗೂ ಯಾರ ಭಾಷೆಯೂ ಗೊತ್ತಿರಲಿಲ್ಲ ಎಂದು ತಿಳಿಯಬೇಡಿ. ಉಸ್ತಾದರಿಗೆ ತೆಲುಗು ಬರುತ್ತಿತ್ತು, ಮೊಗುಲಯ್ಯನಿಗೆ ದಖನಿ ಬರುತ್ತಿತ್ತು, ಇಬ್ಬರಿಗೂ ಕನ್ನಡ ಬರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಒಂದೇ ಭಾಷೆ ಬರುವವರಾಗಿದ್ದರೆ ಸನ್ನೆ ಮಾಡುತ್ತಿದ್ದರು. ಇನ್ನೊಂದು ಮಾತು ಆಮೇಲೆ ತಿಳಿಯಿತು. ಮೊಗುಲಯ್ಯನ ಊರಲ್ಲಿ ಆ ಪದವನ್ನು "ಸಾಲು" ಎನ್ನುತ್ತಾರಂತೆ. ಪೇಟೆಯಲ್ಲಿ ಹಾಗೆಂದರೆ ಹಳ್ಳಿಯವನೆಂದು ನಕ್ಕಾರು ಎಂದು "ಚಾಲು" ಎನ್ನಲು ಕಷ್ಟಪಟ್ಟು ಕಲಿತಿದ್ದ. ಊರಿನ ಮಾತನ್ನೇ ಆಡಿದ್ದರೆ ರಿಮ್ಮು ಉಳಿಯುತ್ತಿತ್ತು.

ಆಮೇಲೆ ಮಾತು ಹುಡುಕುವ ಕೆಲಸ ಶುರುವಾಯಿತು. "ಬಸ್ ಅಂದ್ರಾತು, ಸಾಕು ಅಂದಂಗ" ಎಂದರು ಉಸ್ತಾದರು. ನಮ್ಮ ಅಂಗಳದ ಬೇವಿನ ಮರದ ಕೆಳಗೇ ನಾರಾಯಣಖೇಡದ ಬಸ್ಸು ನಿಲ್ಲುತ್ತಿತ್ತು. ಮೊಗುಲಯ್ಯ "ಬಸ್!" ಎಂದಾಗಲೆಲ್ಲ ಮಲಗಿದ್ದ ಪ್ರಯಾಣಿಕರು ಗಂಟುಮೂಟೆ ಎತ್ತಿಕೊಂಡು ರಸ್ತೆಗೆ ಓಡುತ್ತಿದ್ದರು. ಅದು ಅವರ ಪಾಡು. ಆದರೆ ಒಂದು ಸಲ ಉಸ್ತಾದರೇ ಹಾರೆ ನೂಕುತ್ತ ನೂಕುತ್ತ ಕತ್ತೆತ್ತಿ, "ಎಲ್ಲೈತಿ? ಇವತ್ತ ಲಗೂ ಬಂತಲ್ಲ?" ಎಂದು ಕೇಳಿದಾಗ ಆ ಮಾತನ್ನು ಬಿಟ್ಟುಬಿಟ್ಟರು. ಮೊಗುಲಯ್ಯ ತನ್ನ ಭಾಷೆಯಲ್ಲಿ ನಿಲ್ಲು ಎಂದಾಗುವ "ಆಗು" ಸೂಚಿಸಿದ. ಅದನ್ನು ಕೂಗಿದ ಕೂಡಲೆ ಉಸ್ತಾದರ ಕಿವಿಗೆ ಅದು ತಮ್ಮ ಮಾತಿನ ಆಗ್, ಅಂದರೆ ಬೆಂಕಿ, ಎಂದು ಕೇಳಿ, ಹಾರೆ ಬಿಟ್ಟು ಒಂದು ಬಕೆಟ್ಟು ನೀರು ತಂದು ಮೊಗುಲಯ್ಯನ ಮೇಲೆ ಸುರಿದರು. ನಮ್ಮವರು ಅಚ್ಚಗನ್ನಡದ "ಸಾಕು" ಇರಲಿ ಎಂದರು. ಇದು ಒಳ್ಳೆಯ ಮಾತೇ. ಆದರೆ ಗೋಡೆಯ ಈಚೆ ನಮ್ಮ ಅತ್ತೆ ಇದ್ದರು. ಅವರು ಕೂತರೆ, ಎದ್ದರೆ, ಬಿಸಿಲು ಏರಿದರೆ, ನನ್ನನ್ನು ನೋಡಿದರೆ "ಸಾಕಾತವ್ವಾ, ಸಾಕು ಸಾಕಾತು" ಎನ್ನುವವರು. ಅತ್ತೆಯವರ ಒಂದೊಂದು ನಿಟ್ಟುಸಿರಿಗೂ ಆಚೆ ಮಷೀನು ನಿಂತು ನಿಂತು ಹೋಯಿತು. ಸಂಜೆಯಾದರೂ ಒಂದು ಗಾಲಿ ಬಿಚ್ಚಲಿಲ್ಲ.

ಕೊನೆಗೆ ಉಸ್ತಾದರು ಹೇಳಿದರು, "ಈ ಕಂಪೌಂಡಿನಾಗ ಯಾರ ಬಾಯಾಗೂ ಬರಲಾರದ ಒಂದ್ ಮಾತ್ ಬೇಕ್ರಿ. ಮೂರೂ ಜಬಾನಿನಾಗ ಬ್ಯಾರೆ ಅರ್ಥ ಇರಬಾರದು."

ಎಲ್ಲರೂ ಯೋಚಿಸಿದರು. ಕೆಲಸಗಾರರು ನಮ್ಮವರನ್ನು ಸಾವ್ಕಾರ್ರೆ ಎನ್ನುತ್ತಿದ್ದರು. ಅತ್ತೆ ತಮ್ಮಾ ಎನ್ನುತ್ತಿದ್ದರು. ನಾನು ಏನೂ ಅನ್ನುತ್ತಿರಲಿಲ್ಲ, ಬಳೆ ಸದ್ದು ಮಾಡುತ್ತಿದ್ದೆ. ಆ ಇಡೀ ಆವರಣದಲ್ಲಿ ಯಾರೂ ಬಳಸದೆ ಬಿದ್ದಿದ್ದ ಒಂದೇ ಮಾತು ನಮ್ಮವರ ಹೆಸರು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾದ್ರೂ ಕೆಲಸಕ್ಕ ಬರ್ಲಿ" ಎಂದರು. ಉಸ್ತಾದರು ಕಟ್ಟಪ್ಪಣೆ ಮಾಡಿದರು. ಆ ಹೆಸರು ಕೇಳಿದರೆ ನಿಲ್ಲಬೇಕು, ಬೇರೆ ಏನೇ ಕೇಳಿದರೂ ನಿಲ್ಲಬಾರದು, ಕಲೆಕ್ಟರರ ಮೋಟಾರೇ ಬಂದು ನಿಂತರೂ ಸರಿ.

ಆವತ್ತಿನಿಂದ ಗೋಡೆಯಾಚೆ ದಿನವಿಡೀ "ರೇವಣಪ್ಪ! ರೇವಣಪ್ಪ!" ಎನ್ನುವ ಕೂಗು. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತ, ನನಗೆ ಮಾತ್ರ ನಿಷಿದ್ಧವಾದ ಹೆಸರು ಊರ ಲಾರಿಗಳ ನಡುವೆ ಹಾರಾಡುವುದನ್ನು ಕೇಳುತ್ತಿದ್ದೆ. ಗೋಡೆಯ ಮೇಲಿಂದ ಚಹಾ ಸುರಿಯುವಾಗ ಉಸ್ತಾದರು ಕಪ್ಪು ಹಿಡಿದು "ರೇವಣಪ್ಪ" ಎನ್ನುತ್ತಿದ್ದರು, ನಾನು ನಿಲ್ಲಿಸುತ್ತಿದ್ದೆ. ಒಂದು ಬೆರಳಿಗೂ ಪೆಟ್ಟಾಗಲಿಲ್ಲ. ವ್ಯವಸ್ಥೆ ಬಹಳ ಚೆನ್ನಾಗಿತ್ತು. ಅದನ್ನು ಕೂಗಲಾರದವರು ಆವರಣದಲ್ಲಿ ಇಬ್ಬರೇ. ನಾನು, ಮತ್ತು ಆ ಹೆಸರಿನ ಧಣಿ. ತಾನೇ ತನ್ನ ಹೆಸರು ಹಿಡಿದು ಬೀದಿಗೆ ಕೇಳುವಂತೆ ಕೂಗಿಕೊಳ್ಳುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿರಲಿಲ್ಲ. ನಾವಿಬ್ಬರೂ ಮಷೀನಿನ ಹತ್ತಿರ ಕೂಡುವವರಲ್ಲ, ಹಾಗಾಗಿ ಈ ವಿಷಯ ಯಾರ ತಲೆಗೂ ಹೊಳೆದಿರಲಿಲ್ಲ.

ವರ್ಕ್‌ಶಾಪಿನ ನೆಲಕ್ಕೆ ಹಾಸಲು ತಾಂಡೂರಿನ ಕಲ್ಲು ತರಿಸುವುದೆಂದು ಮಾತಾಗಿತ್ತು. ಮೊಗುಲಯ್ಯ ಜೋಳದ ರಾಶಿಗೆಂದು ಊರಿಗೆ ಹೊರಟಾಗ, ಬರುವಾಗ ಕಲ್ಲು ಹೇರಿಸಿಕೊಂಡು ಬರುತ್ತೇನೆ ಎಂದು ಹೇಳಿಹೋದ. ಅವನು ಹೋದ ಮೇಲೆ ಒಂದು ಮುಂಜಾನೆ ನಾರಾಯಣಖೇಡದ ಬಸ್ಸಿನ ಗಾಲಿ ನಮ್ಮ ಮುಂದೆಯೇ ಕೂತುಬಿಟ್ಟಿತು. ಅದು ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು. ಒಮ್ಮೆ ಆರಿಸಿದರೆ ಮತ್ತೆ ಹೊತ್ತಿಸಲು ಅರ್ಧ ತಾಸು ಬೇಕು ಎಂದು ಡ್ರೈವರನು ಎಂಜಿನ್ ಚಾಲೂ ಇಟ್ಟೇ ಕೂತ. ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಪ್ರಯಾಣಿಕರ ಗಡಿಬಿಡಿ ಬೇರೆ. ನಮ್ಮವರು ಮೊಗುಲಯ್ಯನ ಜಾಗದಲ್ಲಿ ತಾವೇ ಕುಕ್ಕರಗಾಲಲ್ಲಿ ಕೂತರು. ತುಂಬುತೋಳಿನ ಅಂಗಿ ತೊಟ್ಟಿದ್ದರು.

ನಾನು ಚಹಾದ ಕಿಟ್ಲಿ ಹಿಡಿದು ಗೋಡೆಯ ಹತ್ತಿರ ಬಂದೆ. ಉಸ್ತಾದರು ತಲೆ ಬಗ್ಗಿಸಿ ಸುತ್ತುತ್ತಿದ್ದರು. ನಮ್ಮವರ ಅಂಗಿಯ ಬಲತೋಳು ಪಟ್ಟಿಯ ಕೆಳಗೆ ಸಿಕ್ಕಿತು. ನಾನು ಕಣ್ಣಾರೆ ಕಂಡೆ. ಅವರು ಎಳೆದುಕೊಂಡರು, ಬರಲಿಲ್ಲ. ಪಟ್ಟಿ ಇಳಿಯುತ್ತ ಇಳಿಯುತ್ತ ಮಣಿಕಟ್ಟನ್ನು ಒಳಗೆ ಎಳೆಯುತ್ತಿತ್ತು.

"ಏ... ನಾ... ಉಸ್ತಾದ್, ನಾನು! ನಾನು!" ಎಂದರು.

ಉಸ್ತಾದರಿಗೆ ಏನೋ ಕೇಳಿಸಿತು. ಆ ಹೆಸರಲ್ಲ, ಹಾಗಾಗಿ ನಿಲ್ಲಲಿಲ್ಲ. ಅವರ ತಪ್ಪಲ್ಲ.

ನನ್ನ ಬಾಯಿ ತೆರೆಯಿತು. ಏನು ಕೂಗಬೇಕೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ನಾಲಿಗೆಗೆ ಗೊತ್ತಿದ್ದುದು ಒಂದೇ ದಾರಿ. ಅದು ಆ ದಾರಿಯನ್ನೇ ಹಿಡಿಯಿತು. ಇಡೀ ಬಸ್ಸಿಗೆ ಕೇಳುವ ಹಾಗೆ ನಾನು ಕಿರುಚಿದೆ:

"ತಾಂಡೂರ ಕಲ್ಲಿನ ಕಟ್ಟೀ..."

ಉಸ್ತಾದರು ನೂಕುತ್ತಲೇ, ತಲೆಯೆತ್ತದೆ, ಗೌರವದಿಂದ ಉತ್ತರ ಕೊಟ್ಟರು. "ಕಲ್ಲ ಮೊಗುಲಯ್ಯ ತರಾಕ ಹೋಗ್ಯಾನ್ರಿ ಅಮ್ಮಾ!"

ಮಲ್ಲಿಗೆ ಬುಟ್ಟಿ ಇನ್ನೂ ಬಾಕಿಯಿತ್ತು. ನಮ್ಮವರು ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು. ಮುಂದಿನ ಸಾಲು ನೆನಪಾಯಿತು, ಅದರಲ್ಲಿ ಕೈ ಹಿಡಿದು ಎಂದಿತ್ತು, ಆ ಕೈ ನನ್ನ ಕಣ್ಣೆದುರಿಗೇ ಹೋಗುತ್ತಿತ್ತು. ಕಿಟ್ಲಿ ಕೈಬಿಟ್ಟಿತು. ಬುಟ್ಟಿ, ಹೊಸ್ತಿಲು ಎಲ್ಲ ಹಾರಿ ನಾನು ಬರೀ ಹೆಸರು ಕೂಗಿದೆ.

"ರೇವಣಪ್ಪಾ!"

ಹಿಂದೆ ಮುಂದೆ ಏನೂ ಇಲ್ಲ. ಹೆಸರಿಗೆ "ಅವರು" ಇಲ್ಲ, "ರಿ" ಇಲ್ಲ. ಉಸ್ತಾದರು ಇಟ್ಟ ಹೆಜ್ಜೆಯಲ್ಲೇ ನಿಂತರು. ಆಮೇಲೆ ತಲೆಯೆತ್ತಿ, ನೋಡಿ, "ಯಾ ಅಲ್ಲಾ" ಎಂದು ಹಾರೆಯನ್ನು ಹಿಂದಕ್ಕೆ ಸುತ್ತಿದರು. ಕೈ ಹೊರಗೆ ಬಂತು. ಕಿರುಬೆರಳು ಜಜ್ಜಿತ್ತು, ಉಳಿದದ್ದೆಲ್ಲ ಇತ್ತು. ಡ್ರೈವರನು ಆಗ ಎಂಜಿನ್ ಆರಿಸಿದ. ಇದ್ದಕ್ಕಿದ್ದಂತೆ ಎಷ್ಟು ನಿಶ್ಶಬ್ದವಾಯಿತೆಂದರೆ, ಕಿಟ್ಲಿಯಿಂದ ಚಹಾ ಸೋರುವ ಸದ್ದು ಕೇಳುತ್ತಿತ್ತು.

ಬೆನ್ನ ಹಿಂದೆ ಅತ್ತೆ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗನ ಕೈಯಲ್ಲಿ ರಕ್ತ, ಸೊಸೆಯ ಬಾಯಲ್ಲಿ ಹೆಸರು. ಯಾವುದಕ್ಕೆ ಹೆಚ್ಚು ಹೆದರಿದೆನೆಂದು ಹೇಳಲಾರೆ.

"ಹೆಸರ ಹಿಡದು ಕರದ್ಯಾ?" ಎಂದು ಕೇಳಿದರು.

ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

"ಇನ್ನೊಂದೀಟು ಲಗೂ ಕರೀಬೇಕಿತ್ತು" ಎಂದು ಹೇಳಿ, ಅರಿಶಿನ ತರಲು ಒಳಗೆ ಹೋದರು. ಹೋಗುವಾಗ ಸಾಕು ಎನ್ನಲಿಲ್ಲ. ಆ ದಿನವೆಲ್ಲ ಅನ್ನಲಿಲ್ಲ.

ಮಾತು ಬದಲಿಸೋಣ ಎಂದು ಉಸ್ತಾದರು ಹೇಳಿದರು. ಇದರಲ್ಲಿ ಖೋಟ್ ಐತಿ, ಮನೆಯವರಿಬ್ಬರಿಗೇ ಬರಂಗಿಲ್ಲ ಎಂದರು. ನಮ್ಮವರು ಅರಿಶಿನ ಮೆತ್ತಿದ ಕೈ ನೋಡಿಕೊಳ್ಳುತ್ತ, "ಬರ್ತದಲ್ಲ" ಎಂದರು. ಮಾತು ಹಾಗೆಯೇ ಉಳಿಯಿತು. ಸಾವ್ಕಾರರು ಮಷೀನಿನ ಹತ್ತಿರ ಕೂಡಬಾರದು ಎಂದು ಹೊಸ ಕಟ್ಟಳೆಯೊಂದು ಸೇರಿತು. ಕಲ್ಲು ಬಂದ ಮೇಲೆ ಮೊಗುಲಯ್ಯ, ಅಮ್ಮನವರಿಗೆ ಅಷ್ಟು ಅವಸರವಿತ್ತೆಂದು ಗೊತ್ತಿದ್ದರೆ ಮೊದಲೇ ತರುತ್ತಿದ್ದೆ ಎಂದು ಕ್ಷಮೆ ಕೇಳಿದ. ಅವನಿಗೆ ಯಾರೂ ವಿವರಿಸಲಿಲ್ಲ.

ಆಮೇಲೆ ನಿಜಾಮರ ಆಳ್ವಿಕೆ ಹೋಯಿತು. ಮಷೀನು ತುಕ್ಕು ಹಿಡಿಯಿತು. ಈಗ ಕಾಲಲ್ಲಿ ಒತ್ತಿದರೆ ತಾನೇ ಟಯರು ಬಿಚ್ಚುವ ಮಷೀನು ಬಂದಿದೆ, ಅದಕ್ಕೆ ಯಾರ ಹೆಸರೂ ಬೇಕಾಗಿಲ್ಲ. ಆದರೆ ಆ ಮಾತು ಗೋಡೆ ದಾಟಿ ಅಡುಗೆಮನೆಗೆ ಬಂದು ಮಕ್ಕಳ ಬಾಯಲ್ಲಿ ಉಳಿಯಿತು. ನಾನು ಮಾತ್ರ ಮತ್ತೆ ಆಡಲಿಲ್ಲ. ನಮ್ಮವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತು. ನಾನು ಅವರ ಬಸಿಗೆ, ಅಂದರೆ ಸಾಸರಿಗೆ, ಚಹಾ ಸುರಿಯುವಾಗ ಸಾಕು ಎನ್ನುತ್ತಿರಲಿಲ್ಲ, ಕೈ ಅಡ್ಡ ತರುತ್ತಿರಲಿಲ್ಲ. ಸೊಟ್ಟಗಾದ ಕಿರುಬೆರಳು ಚಾಚಿ ಬಸಿ ಹಿಡಿದು ನನ್ನ ಮುಖ ನೋಡುತ್ತ ಸುಮ್ಮನಿರುತ್ತಿದ್ದರು. ನಾನೇ ಹೇಳಿ ನಾನೇ ನಿಲ್ಲಿಸಲಿ ಎಂದು ಅವರ ಆಸೆ. ನಾನು ಹೇಳುತ್ತಿರಲಿಲ್ಲ. ಚಹಾ ತುಂಬಿ ನೆಲಕ್ಕೆ ಬೀಳುತ್ತಿತ್ತು. ತಾಂಡೂರ ಕಲ್ಲಿನ ನೆಲ, ಒರೆಸಿದರೆ ಹೋಗುತ್ತದೆ. ಬಂದವರು ಆ ಕಿರುಬೆರಳನ್ನು ಕಂಡು ಸಾವ್ಕಾರರು ಬಹಳ ಶೋಕಿಯಿಂದ ಚಹಾ ಕುಡಿಯುತ್ತಾರೆ ಎನ್ನುತ್ತಿದ್ದರು.

ಕೊನೆಯ ವರ್ಷ ಅವರಿಗೆ ಉಸಿರಾಟದ ತೊಂದರೆಯಾಯಿತು. ಎದ್ದು ಓಡಾಡುವುದು ನಿಂತಿತು. ಒಂದು ಮಧ್ಯಾಹ್ನ ದಿಂಬಿಗೆ ಒರಗಿಸಿ ಕೂರಿಸಿ, ಬಸಿ ಜೋಪಾನವಾಗಿ ಕೈಗೆ ಕೊಟ್ಟು, ಚಹಾ ಸುರಿಯತೊಡಗಿದೆ.

"ಆವತ್ತ ಒಮ್ಮಿ ಅಂದಿದ್ದಿಯಲ್ಲ" ಎಂದರು. "ಇನ್ನೊಮ್ಮಿ ಅನ್ನು. ಕೇಳಬೇಕು ಅನಸ್ತದ."

ಅಷ್ಟು ವರ್ಷ ಆಟವಾಗಿದ್ದುದನ್ನು ಅವರು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು. ಗೋಡೆಯ ಹತ್ತಿರ ಆಗಿದ್ದಕ್ಕಿಂತ ಹೆಚ್ಚು.

"ಅದು ನಿಲ್ಲಸೂ ಮಾತ್ರಿ" ಎಂದೆ. "ನಾ ಯಾಕ ಅನ್ಲಿ?"

ಅವರು ನಕ್ಕು ಬಸಿಯನ್ನು ಇನ್ನೂ ಸ್ವಲ್ಪ ಮುಂದೆ ಹಿಡಿದರು. ನಾನು ಸುರಿಯುತ್ತಲೇ ಇದ್ದೆ.